ಹಿಟ್ಲರ್ ಬಂದದ್ದು 1923ರ ಹಣದುಬ್ಬರದಿಂದಲೇ?

ಬೆಣ್ಣೆನಗರಿ: ದಾವಣಗೆರೆಯ ನಮ್ಮ ಕೆಎಎಸ್ ಓದುವ ಗುಂಪಿನಲ್ಲಿ ಒಂದು ವಾದ ಬಗೆಹರಿಯುತ್ತಿಲ್ಲ. 1923ರಲ್ಲಿ ಜರ್ಮನಿಯ ನಾಣ್ಯ ಮಾರ್ಕ್ ಬೆಲೆ ಕಳೆದುಕೊಂಡಿತು, ಅದಕ್ಕೇ ಹಿಟ್ಲರ್ ಬಂದ ಅಂತ ಗೈಡ್‌ನಲ್ಲಿದೆ. ಅವನು ಬಂದದ್ದು 1933ರಲ್ಲಿ. ನಡುವಿನ ಹತ್ತು ವರ್ಷಕ್ಕೆ ಏನು ಬರೆಯೋದು?

ಕೋಟೆನಾಡು ಮೇಷ್ಟ್ರು: ಗೈಡ್ ಎರಡು ಬಿಕ್ಕಟ್ಟುಗಳನ್ನು ಕಲಸಿದೆ. 1923ರ ನವೆಂಬರಿನಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್, ನಿಜ. ಅದೇ ತಿಂಗಳು ಮ್ಯೂನಿಕ್‌ನಲ್ಲಿ ದಂಗೆಗೆ ಕೈಹಾಕಿ ಹಿಟ್ಲರ್ ಜೈಲು ಸೇರಿದ. ಆಮೇಲೆ ಹೊಸ ನಾಣ್ಯ ಬಂತು, ಅಮೆರಿಕದ ಸಾಲ ಬಂತು. 1928ರಲ್ಲಿ ಅವನ ಪಕ್ಷವಾದ ನಾಜಿಗಳಿಗೆ ಸಿಕ್ಕಿದ್ದು ಶೇ 2.6 ಮತ.

ಏಟು ಬಿದ್ದದ್ದು 1929ರ ಜಾಗತಿಕ ಆರ್ಥಿಕ ಕುಸಿತದ ನಂತರ. ಆ ಸಾಲದಲ್ಲಿ ಬಹುಪಾಲು ಅಲ್ಪಾವಧಿಯದು, ಹಾಕಿದ್ದು ದೀರ್ಘಾವಧಿ ಕೆಲಸಕ್ಕೆ. ಕೊಟ್ಟವರು ವಾಪಸ್ ಕೇಳಿದಾಗ ಬ್ಯಾಂಕುಗಳು ಅಲ್ಲಾಡಿದವು. 1930ರ ಮಾರ್ಚಿನಲ್ಲಿ ನಿರುದ್ಯೋಗ ವಿಮೆಯ ವಂತಿಗೆ ಏರಿಸಬೇಕೇ ಬೇಡವೇ ಎಂಬ ಜಗಳಕ್ಕೆ ಸಮ್ಮಿಶ್ರ ಸರ್ಕಾರವೇ ಬಿತ್ತು. ಮುಂದಿನ ಚಾನ್ಸಲರ್ (ಅಲ್ಲಿನ ಸರ್ಕಾರದ ಮುಖ್ಯಸ್ಥ) ಬ್ರೂನಿಂಗ್ ಸಂಬಳ ಕಡಿದರು, ತೆರಿಗೆ ಏರಿಸಿದರು. ಈ ಸಲ ಬೆಲೆಗಳು ಏರಲಿಲ್ಲ, ಕುಸಿದವು. ಇದನ್ನು ತಪ್ಪದೆ ಬರೆಯಿರಿ. 1932ರ ಆರಂಭಕ್ಕೆ ನಿರುದ್ಯೋಗಿಗಳು ಸುಮಾರು 60 ಲಕ್ಷ. ನಾಜಿ ಮತ 1930ರಲ್ಲಿ ಶೇ 18.3, 1932ರ ಜುಲೈಯಲ್ಲಿ ಶೇ 37.3.

ನಿರುದ್ಯೋಗಿಗಳೇ ಮತ ಹಾಕಿದರು ಅಂತ ಮಾತ್ರ ಬರೆಯಬೇಡಿ. ಕೆಲಸ ಹೋದ ಕಾರ್ಮಿಕರು ಹೆಚ್ಚಾಗಿ ಕಮ್ಯುನಿಸ್ಟರ ಕಡೆ ವಾಲಿದರು. ನಾಜಿಗಳ ಕಡೆ ಹೆಚ್ಚು ಬಂದವರು ಸಣ್ಣ ಅಂಗಡಿಯವರು, ಪ್ರಾಟೆಸ್ಟೆಂಟ್ ಹಳ್ಳಿಗಳ ರೈತರು.

ಕರಿಕೋಟು: ಮತದಿಂದಷ್ಟೇ ಗೆದ್ದಿಲ್ಲ ಮೇಷ್ಟ್ರೇ. 1932ರ ನವೆಂಬರಿನಲ್ಲಿ ಶೇ 33.1ಕ್ಕೆ ಇಳಿದಿದ್ದ. ಅಷ್ಟರಲ್ಲಿ ಸಂಸತ್ತು ಸವಕಲಾಗಿತ್ತು: ಜರ್ಮನ್ ಸಂವಿಧಾನದ 48ನೇ ವಿಧಿಯಡಿ, ತುರ್ತು ಆಜ್ಞೆಗಳ ಮೂಲಕ, ಅಧ್ಯಕ್ಷ ಹಿಂಡನ್‌ಬರ್ಗ್ ಸಹಿಯಲ್ಲೇ ಆಡಳಿತ. ತುರ್ತು ಆಜ್ಞೆಯನ್ನು ಸಂಸತ್ತು ರದ್ದು ಮಾಡಬಹುದಿತ್ತು. 1930ರ ಜುಲೈಯಲ್ಲಿ ಮಾಡಿತು ಕೂಡ. ಆಗ ಸಂಸತ್ತನ್ನೇ ವಿಸರ್ಜಿಸಿದರು!

ಹಿಟ್ಲರ್ ಚಾನ್ಸಲರ್ ಆದ 1933ರ ಜನವರಿ 30ರ ಸಂಪುಟದಲ್ಲಿ ಅವನೂ ಸೇರಿ ನಾಜಿಗಳು ಮೂವರೇ. ಮೂಗುದಾರ ತಮ್ಮ ಕೈಲಿದೆ ಅಂದುಕೊಂಡಿದ್ದರು ಉಪ ಚಾನ್ಸಲರ್ ಪಾಪೆನ್. ಆದರೆ ಜರ್ಮನಿಯ ಅತಿ ದೊಡ್ಡ ರಾಜ್ಯ ಪ್ರಷ್ಯಾದ ಪೊಲೀಸ್ ನಾಜಿ ನಾಯಕ ಗೋರಿಂಗ್ ಕೈಗೆ ಹೋಯಿತು. ಫೆಬ್ರವರಿ 28ಕ್ಕೆ ನಾಗರಿಕ ಹಕ್ಕು ಅಮಾನತು. ಮಾರ್ಚ್ 23ಕ್ಕೆ 444–94 ಮತಗಳಿಂದ ಶಾಸನಾಧಿಕಾರವೇ ಸಂಪುಟಕ್ಕೆ. ಕಮ್ಯುನಿಸ್ಟ್ ಸದಸ್ಯರನ್ನು ಒಳಗೇ ಬಿಟ್ಟಿರಲಿಲ್ಲ.

ಬೆಣ್ಣೆನಗರಿ: ತುರ್ತು ಪರಿಸ್ಥಿತಿ ಘೋಷಿಸುವ ನಮ್ಮ ಸಂವಿಧಾನದ 352ನೇ ವಿಧಿಯೂ ಹೀಗೇನಾ ಸರ್?

ಕರಿಕೋಟು: 1975ರಲ್ಲಿ ಹತ್ತಿರ ಹೋಗಿತ್ತು. 1978ರ 44ನೇ ತಿದ್ದುಪಡಿಯ ನಂತರ ಸಂಪುಟದ ಲಿಖಿತ ಸಲಹೆ ಬೇಕು, ತಿಂಗಳೊಳಗೆ ಎರಡೂ ಸದನಗಳಲ್ಲಿ ವಿಶೇಷ ಬಹುಮತ ಬೇಕು. 20 (ಅಪರಾಧ, ಶಿಕ್ಷೆ ವಿಷಯದಲ್ಲಿ ರಕ್ಷಣೆ), 21ನೇ (ಜೀವ, ವೈಯಕ್ತಿಕ ಸ್ವಾತಂತ್ರ್ಯ) ವಿಧಿಗಳ ಹಕ್ಕನ್ನು ಅಮಾನತಿನಲ್ಲಿಡುವಂತಿಲ್ಲ. ಹೋಲಿಕೆ ಕೇಳಿದರೆ ಈ ಮೂರನ್ನೇ ಬರೆಯಿರಿ.