ಪದಚರ್ಚೆ: ‘ಕೀಲಿ ತೆಗೆದರೆ’ ಎಂದರೆ ಯಾವುದನ್ನು ತೆಗೆದರೆ?

ಗೆಳೆಯರೇ, ನಮಸ್ಕಾರ.

ಹಳೆಯ ಕಾರಿನ ಒಂದು ಉಪಕರಣಕ್ಕೆ ಕನ್ನಡದ ಹೆಸರು ಬೇಕಾಗಿದೆ. ಹೆಸರಿಗಿಂತ ಹೆಚ್ಚಾಗಿ, ಅದನ್ನು ಬಳಸುವ ಬಗೆ ಹೇಳುವ ನಾಲ್ಕು ಸಾಲುಗಳನ್ನು ತುಂಗಭದ್ರೆಯ ಎರಡೂ ದಡದವರು ಒಂದೇ ಅರ್ಥದಲ್ಲಿ ಓದುವಂತೆ ಬರೆಯಬೇಕಾಗಿದೆ. ನಾನು ಬರೆದ ಸಾಲುಗಳು ಕೈಕೊಟ್ಟವು. ಹೇಗೆ ಕೈಕೊಟ್ಟವು ಎಂಬುದನ್ನು ಮೊದಲು ಹೇಳುತ್ತೇನೆ, ಏಕೆಂದರೆ ನನ್ನ ಪ್ರಶ್ನೆ ಇರುವುದೇ ಅಲ್ಲಿ.

ನಾನು ಮೈಸೂರಿನವನು, ಕೆಲಸದ ಮೇಲೆ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿದ್ದೇನೆ. ನನ್ನ ಕಾರು 1996ರ ಪ್ಯೂಜೊ 306, 1.9 ಲೀಟರಿನ ಡೀಸೆಲ್. ಈ ಊರಿನ ಪಕ್ಕದ ರೈಟನ್ ಕಾರ್ಖಾನೆಯಲ್ಲಿ ಒಂದು ಕಾಲಕ್ಕೆ ಇದೇ ಮಾದರಿ ತಯಾರಾಗುತ್ತಿತ್ತು. ಈಗ ಆ ಕಾರ್ಖಾನೆ ಇಲ್ಲ, ಕಾರು ಇದೆ. ಇದರಲ್ಲಿ ಚಾಲಕನ ಕೈಗೆ ಸಿಗುವಂತೆ ಅಂಕಿಗಳ ಒಂದು ಪುಟ್ಟ ಫಲಕವಿದೆ. ಇಗ್ನಿಷನ್ ತಿರುಗಿಸಿದ ಮೇಲೆ ಗುಟ್ಟಿನ ನಾಲ್ಕು ಅಂಕಿಗಳನ್ನು ಒತ್ತಬೇಕು. ಕೆಂಪು ದೀಪ ಹೋಗಿ ಹಸಿರು ದೀಪ ಬರುತ್ತದೆ. ಆಮೇಲೆಯೇ ಎಂಜಿನ್ ಹತ್ತಿಕೊಳ್ಳುವುದು. ಇಗ್ನಿಷನ್ ಆರಿಸಿ ಸ್ವಲ್ಪ ಹೊತ್ತು ಬಿಟ್ಟರೆ ತಾನಾಗಿಯೇ ಮತ್ತೆ ಕೆಂಪು. ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದರೂ ಅಷ್ಟೆ, ಅಂಗಡಿಯ ಮುಂದೆ ನಿಲ್ಲಿಸಿದರೂ ಅಷ್ಟೆ. ಬೆರಳುಗಳಿಗೆ ಆ ನಾಲ್ಕು ಅಂಕಿಗಳು ಎಷ್ಟು ರೂಢಿಯಾಗಿವೆಯೆಂದರೆ, ಯಾರಾದರೂ ಕೇಳಿದರೆ ನಾನು ಗಾಳಿಯಲ್ಲಿ ಒತ್ತಿ ನೋಡಿಕೊಂಡು ಹೇಳಬೇಕಾಗುತ್ತದೆ. ಇದನ್ನು ಇಂಗ್ಲಿಷಿನಲ್ಲಿ ಕೀಪ್ಯಾಡ್ ಇಮ್ಮೊಬಿಲೈಸರ್ ಎನ್ನುತ್ತಾರೆ.

ಮಾವನವರು, ಅಂದರೆ ನನ್ನ ಹೆಂಡತಿಯ ತಂದೆ, ಗದಗಿನಿಂದ ಮೂರು ತಿಂಗಳ ಮಟ್ಟಿಗೆ ಬಂದಿದ್ದಾರೆ. ಶಾಲಾ ಮಾಸ್ತರರಾಗಿ ನಿವೃತ್ತರು. ಕಾರು ಓಡಿಸಬಲ್ಲರು, ಬರೆದರೆ ಒಂದು ಅಕ್ಷರ ಆಚೆ ಈಚೆ ಆಗಗೊಡುವುದಿಲ್ಲ. ನಾವಿಬ್ಬರೂ ಮನೆಯಲ್ಲಿ ಇಲ್ಲದಾಗ ಕಾರನ್ನು ಅಂಗಳದಿಂದ ಆಚೆ ತೆಗೆಯಬೇಕಾಗಿ ಬಂದರೆ ಇರಲಿ ಎಂದು ಒಂದು ಚೀಟಿ ಬರೆದಿಟ್ಟೆ:

‘ಇಗ್ನಿಷನ್ ತಿರುಗಿಸಿ, ಅಂಕಿಗಳನ್ನು ಒತ್ತಿ. ಹಸಿರು ದೀಪ ಬಂದ ಮೇಲೆ ಎಂಜಿನ್ ಚಾಲೂ ಮಾಡಿ. ಕೀಲಿ ತೆಗೆದರೆ ಕಾರು ಮತ್ತೆ ಕಟ್ಟಿಕೊಳ್ಳುತ್ತದೆ.’

ಕಳೆದ ವಾರ ಮನೆಗೆ ಕೆಲಸದವರು ಬಂದರು, ಅವರ ವ್ಯಾನಿಗೆ ಜಾಗ ಬೇಕಾಯಿತು. ಮಾವನವರು ಚೀಟಿ ನೋಡಿಕೊಂಡು ಅಂಕಿಗಳನ್ನು ಒತ್ತಿದರು, ಹಸಿರು ದೀಪ ಬಂತು. ಅಷ್ಟರಲ್ಲಿ ಯಾರೋ ಕರೆದರೆಂದು ಕೀಯನ್ನು ಕೈಯಲ್ಲಿ ಹಿಡಿದುಕೊಂಡು ಇಳಿದು ಹೋಗಿ, ಹತ್ತು ನಿಮಿಷ ಮಾತಾಡಿ ಬಂದು ಮತ್ತೆ ಕೂತರು. ಸ್ಟಾರ್ಟರ್ ತಿರುಗಿತು, ಎಂಜಿನ್ ಹತ್ತಲಿಲ್ಲ. ಕೆಂಪು ದೀಪ ಕಂಡು ನನಗೆ ಸಂದೇಶ ಕಳುಹಿಸಿದರು: ‘ಕೀಲಿ ಹಾಕಿದೆ. ಏನು ಮಾಡಲಿ?’

ನಾನು ಕಚೇರಿಯಿಂದ ಬರೆದೆ: ‘ಸರಿ, ಈಗ ತಿರುಗಿಸಿ.’

ಅವರು ತಿರುಗಿಸಿದರು. ಬ್ಯಾಟರಿ ಸೊರಗುವವರೆಗೂ ತಿರುಗಿಸಿದರು.

ಸಂಜೆ ಇಬ್ಬರೂ ಚೀಟಿಯನ್ನು ಮುಂದಿಟ್ಟುಕೊಂಡು ಕೂತಾಗ ತಿಳಿಯಿತು. ನಮ್ಮ ಕಡೆ ಬಾಗಿಲಿಗೆ ಹಾಕುವುದು ಬೀಗ. ಅದನ್ನು ತೆರೆಯುವುದು ಬೀಗದ ಕೈ, ಇಲ್ಲವೇ ಕೀಲಿ. ಅವರ ಕಡೆ ಬಾಗಿಲಿಗೆ ಹಾಕುವುದೇ ಕೀಲಿ. ತೆರೆಯುವುದು ಕೀಲಿಕೈ, ಚಾವಿ. ‘ಕೀಲಿ ಹಾಕಿದೆ’ ಎಂದಾಗ ಅವರು ಹೇಳಿದ್ದು ‘ಕಾರಿಗೆ ಬೀಗ ಬಿದ್ದಿದೆ’ ಎಂದು. ನಾನು ಓದಿದ್ದು ‘ನಾನು ಕೀಯನ್ನು ಹಾಕಿದೆ’ ಎಂದು. ನಾಮಪದ ಒಂದೇ ಅಲ್ಲ, ಕ್ರಿಯಾಪದವೂ ಸೇರಿಕೊಂಡು ಮೋಸ ಮಾಡಿದೆ. ‘ಹಾಕಿದೆನು’ ಎಂಬುದರ ಮೊಟಕು ರೂಪವೂ ‘ಹಾಕಿದೆ’, ‘ಹಾಕಿ ಇದೆ’ ಕೂಡಿದರೂ ‘ಹಾಕಿದೆ’. ಮಾಡಿದೆ, ತಿರುಗಿಸಿದೆ, ಒತ್ತಿದೆ ಎಲ್ಲದರಲ್ಲೂ ಈ ಅವಳಿತನವಿದೆ. ಬಂದೆ–ಬಂದಿದೆ, ತೆಗೆದೆ–ತೆಗೆದಿದೆ ಎಂಬಂಥವುಗಳಲ್ಲಿ ಇಲ್ಲ. ಮಾವನವರು ಫೋನಿನಲ್ಲಿ ತಮ್ಮ ಊರಿನ ಮಾತಿನಲ್ಲೇ ಹೇಳಿದ್ದರೆ ಎರಡು ರೂಪಗಳೂ ಬೇರೆಯಾಗಿ ಕೇಳಿಸುತ್ತಿದ್ದವು, ನಾನು ತಪ್ಪುತ್ತಿರಲಿಲ್ಲ. ಶಿಷ್ಟ ಬರಹಕ್ಕೆ ಬಂದಾಗಲೇ ಅವು ಒಂದಾಗಿಬಿಟ್ಟವು. ಬರಹದ ಕನ್ನಡವೇ ಎಲ್ಲರಿಗೂ ಸಲ್ಲುವ ಕನ್ನಡ ಎಂದು ನಂಬಿದವನಿಗೆ ಇದು ಸಣ್ಣ ಪೆಟ್ಟಲ್ಲ.

ಇನ್ನು ನನ್ನ ಚೀಟಿಯ ಕೊನೆಯ ಸಾಲು. ‘ಕೀಲಿ ತೆಗೆದರೆ’ ಎಂದು ನಾನು ಬರೆದದ್ದು ಕೀಯನ್ನು ಹೊರಗೆ ತೆಗೆದರೆ ಎಂಬ ಅರ್ಥದಲ್ಲಿ. ಅವರಿಗೆ ಅದು ಬೀಗ ತೆರೆದರೆ ಎಂದಾಯಿತು. ಸರಿ, ‘ಕಟ್ಟಿಕೊಳ್ಳುತ್ತದೆ’ ಎಂಬುದಾದರೂ ಅವರನ್ನು ತಡೆಯಬಾರದಿತ್ತೇ? ತಡೆಯಲಿಲ್ಲ. ‘ಗಾಡಿ ಕಟ್ಟುವುದು ಎಂದರೆ ಹೊರಡುವುದಕ್ಕೆ ಸಿದ್ಧ ಮಾಡುವುದಲ್ಲವೇ, ಅಳಿಯಂದಿರೇ? ಎತ್ತು ಬಿಚ್ಚಿದರೆ ತಾನೇ ಗಾಡಿ ನಿಲ್ಲುವುದು?’ ಎಂದರು. ಅವರ ಓದಿನಲ್ಲಿ ನನ್ನ ವಾಕ್ಯ ಹೀಗೆ: ಒಮ್ಮೆ ಬೀಗ ತೆರೆದರೆ ಕಾರು ಮತ್ತೆ ಹೊರಡಲು ಸಿದ್ಧವಾಗುತ್ತದೆ. ಎರಡು ಪದಗಳು ತಿರುಗುಮುರುಗಾಗಿ, ನಾನು ಹೇಳಿದ್ದಕ್ಕೆ ನೇರ ವಿರುದ್ಧವಾದ, ಆದರೆ ಎಲ್ಲೂ ಕೊಂಕಿಲ್ಲದ ಒಂದು ವಾಕ್ಯ. ಅದನ್ನು ಓದಿದ ಯಾರೇ ಆದರೂ ಇಳಿದು ಹೋಗಿ ಹತ್ತು ನಿಮಿಷ ಮಾತಾಡಿ ಬರುತ್ತಿದ್ದರು.

ಮಾವನವರ ಈ ಮಾತನ್ನು ನಾನು ಇನ್ನೂ ಮೆಲುಕು ಹಾಕುತ್ತಿದ್ದೇನೆ. ಈ ಕಾರು ಹುಟ್ಟಿದ ಕಂಪನಿಯ ಭಾಷೆಯಾದ ಫ್ರೆಂಚ್‌ನಲ್ಲಿ ಈ ಉಪಕರಣಕ್ಕೆ ಆಂತಿದೆಮರಾಜ್ ಎಂದು ಹೆಸರು. ಹೊರಡುವುದಕ್ಕೆ ಅಡ್ಡಿ ಎಂದು ಅರ್ಥ. ಅದರೊಳಗಿನ ದೆಮರೆ ಎಂಬ ಕ್ರಿಯಾಪದ ಮೂಲದಲ್ಲಿ ದೋಣಿಯ ಮಾತು: ದಡಕ್ಕೆ ಕಟ್ಟಿದ ಹಗ್ಗವನ್ನು ಬಿಚ್ಚುವುದು. ದೋಣಿಯವರಿಗೆ ಬಿಚ್ಚಿದರೆ ಪ್ರಯಾಣ, ಬಂಡಿಯವರಿಗೆ ಕಟ್ಟಿದರೆ ಪ್ರಯಾಣ. ಹಾಗಾಗಿ ಕಟ್ಟು, ಕಟ್ಟುಪಾಡು, ಬಂಧ ಎಂಬ ದಾರಿಯನ್ನು ಇಲ್ಲಿಗೇ ಬಿಡುವುದು ಒಳ್ಳೆಯದು. ಜರ್ಮನ್ನರು ಇದನ್ನು ವೆಗ್‌ಫಾರ್‌ಷ್ಪೆರೆ ಎನ್ನುತ್ತಾರೆ. ಓಡಿಸಿಕೊಂಡು ಹೋಗುವುದಕ್ಕೆ ತಡೆ. ಇವೆರಡೂ ಕೆಲಸವನ್ನು ಸರಿಯಾಗಿ ಹೇಳುತ್ತವೆ.

ಇಂಗ್ಲಿಷಿನ ಬೆನ್ನು ಹತ್ತಿದರೆ ನಿಶ್ಚಲಕ, ಚಲನರೋಧಕ ಎಂಬಂಥ ಪದಗಳು ಹುಟ್ಟುತ್ತವೆ. ನನಗೆ ಇವು ಒಪ್ಪಿಗೆಯಿಲ್ಲ, ಕಠಿಣವೆಂದಲ್ಲ, ಸುಳ್ಳೆಂದು. ಈ ಕಾರಿನ ಚಲನೆಯನ್ನು ಯಾವುದೂ ತಡೆದಿರುವುದಿಲ್ಲ. ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ಬಿಟ್ಟರೆ ಉರುಳುತ್ತದೆ, ಹಗ್ಗ ಹಾಕಿ ಎಳೆದರೆ ಬರುತ್ತದೆ. ಡೀಸೆಲ್ ಪಂಪಿಗೆ ವಿದ್ಯುತ್ತಿನಿಂದ ತೆರೆದುಕೊಳ್ಳುವ ಒಂದು ಕವಾಟವಿದೆ. ವಿದ್ಯುತ್ತು ಇಲ್ಲದಿದ್ದರೆ ಅದು ಮುಚ್ಚಿಕೊಂಡು, ಎಂಜಿನ್ನಿಗೆ ಡೀಸೆಲ್ ಹೋಗುವುದಿಲ್ಲ. ಅಂಕಿಗಳು ಸರಿಯಿದ್ದರೆ ಮಾತ್ರ ಕವಾಟಕ್ಕೆ ವಿದ್ಯುತ್ತು. ಕಳ್ಳ ಬೇರೆ ತಂತಿ ಎಳೆದು ಅದನ್ನು ತೆರೆಯಬಾರದೆಂದು ಪಂಪಿನ ಆ ಭಾಗಕ್ಕೆ ಗಟ್ಟಿ ಲೋಹದ ಕವಚ ತೊಡಿಸಿದ್ದಾರೆ. ಸ್ಟಾರ್ಟರ್ ಮಾತ್ರ ತನ್ನ ಪಾಡಿಗೆ ತಿರುಗುತ್ತಲೇ ಇರುತ್ತದೆ. ಮಾವನವರ ಬ್ಯಾಟರಿ ಪ್ರಸಂಗ ನಡೆದದ್ದು ಅದಕ್ಕೇ. ಅಂದ ಮೇಲೆ ಹೆಸರಿನಲ್ಲಿ ಎಂಜಿನ್ ಇರಬೇಕು. ತಡೆ ಅಥವಾ ಬೀಗ ಇರಬೇಕು. ‘ಎಂಜಿನ್ ಬೀಗ’ ಎಂಬುದು ಸದ್ಯಕ್ಕೆ ನನ್ನ ಆಯ್ಕೆ. ನಂಟಿನ ಬೀಗರನ್ನು ಬಿಟ್ಟರೆ, ಬೀಗ ಎಂಬುದಕ್ಕೆ ಗದಗಿನಲ್ಲೂ ಬೇರೆ ಅರ್ಥವಿಲ್ಲ ಎಂದು ಮಾವನವರು ಹೇಳುತ್ತಾರೆ. ಆಡುಮಾತಿನಲ್ಲಿ ಇಲ್ಲದಿದ್ದರೂ ಓದಿ ಗೊತ್ತಿರುವ ಪದ.

ಅಂಕಿಗಳ ಫಲಕಕ್ಕೆ ಕೀಲಿಮಣೆಯ ಜಾಡಿನಲ್ಲಿ ‘ಅಂಕಿಮಣೆ’ ಎನ್ನಬಹುದು. ಕೀಲಿಯ ಗೊಂದಲವೂ ತಪ್ಪುತ್ತದೆ. ಕೋಡ್‌ಗೆ ಸಂಕೇತ ಎನ್ನುವುದು ಪುಸ್ತಕದ ಮಾತಾಯಿತು. ‘ಗುಟ್ಟಿನ ಅಂಕಿ’ ಸಾಕು ಎನಿಸುತ್ತದೆ. ಬ್ಯಾಂಕಿನ ಯಂತ್ರಗಳ ‘ನಮೂದಿಸಿ’ ನನಗೆ ಇಷ್ಟವಿಲ್ಲ, ಕಾರಿನೊಳಗೆ ಕೂತವನಿಗೆ ‘ಒತ್ತಿ’ ಎಂದರೆ ಮುಗಿಯಿತು. (ಒತ್ತಿ ಒತ್ತಿ ನಮ್ಮ ಅಂಕಿಮಣೆಯ ನಾಲ್ಕು ಗುಂಡಿಗಳ ಮೇಲಿನ ಬರಹ ಮಾಸಿದೆ. ಹತ್ತು ಸಾವಿರ ಸಾಧ್ಯತೆಗಳು ಇದ್ದದ್ದು, ಮಾಸಿದ ಗುಂಡಿಗಳನ್ನು ನೋಡಬಲ್ಲ ಕಳ್ಳನಿಗೆ ಬರೀ 24 ಆಗಿವೆ. ಒಂದು ಅಂಕಿ ಎರಡು ಸಲ ಬರುವಂತೆ ಇಟ್ಟಿದ್ದರೆ ಮೂರೇ ಗುಂಡಿ ಮಾಸಿ, ಸಾಧ್ಯತೆಗಳು 36 ಇರುತ್ತಿದ್ದವು. ಹಳೆಯ ಕಾರು ಇಟ್ಟುಕೊಂಡವರು ಗಮನಿಸಿ.)

ಇಂಥ ಕಾರುಗಳು ಈಗ ಎಷ್ಟಿವೆ, ಇದಕ್ಕೊಂದು ಪದ ಏಕೆ ಎಂದು ಕೇಳಬಹುದು. ಯುರೋಪ್ ಒಕ್ಕೂಟ 1995ರಲ್ಲಿ ನಿರ್ದೇಶನ ಹೊರಡಿಸಿ, 1998ರ ಅಕ್ಟೋಬರ್‌ನಿಂದ ಹೊಸ ಕಾರುಗಳಿಗೆಲ್ಲ ಇಮ್ಮೊಬಿಲೈಸರ್ ಕಡ್ಡಾಯ ಮಾಡಿತು. ಅಷ್ಟರಲ್ಲಿ ಕೀಯೊಳಗೇ ಚಿಪ್ ಬಂದು ಅಂಕಿ ಒತ್ತುವ ಕಷ್ಟ ಹೋಯಿತು. ಆದರೆ ವಸ್ತು ಹೋಗಲಿಲ್ಲ. ಬೆಂಗಳೂರು, ಹುಬ್ಬಳ್ಳಿಗಳಲ್ಲಿ ಓಡುವ ಎಷ್ಟೋ ಕಾರುಗಳ ಮುಂದಿನ ಫಲಕದಲ್ಲಿ ಕೀ ಗುರುತಿನ ಪುಟ್ಟ ದೀಪ ಮಿನುಗುವುದನ್ನು ನೀವೂ ನೋಡಿರುತ್ತೀರಿ. ಅದು ಆರದೆ ಉಳಿದು ಎಂಜಿನ್ ಹತ್ತದಿದ್ದಾಗ ಮೆಕ್ಯಾನಿಕ್‌ಗೆ ಫೋನ್ ಮಾಡಿ ಏನೆಂದು ಹೇಳುತ್ತೀರಿ? ಆ ಮಾತೇ ನನಗೆ ಬೇಕಾದದ್ದು. ಗ್ಯಾರೇಜುಗಳಲ್ಲಿ ‘ಲಾಕ್ ಆಗಿದೆ’ ಎನ್ನುವುದನ್ನು ಕೇಳಿದ್ದೇನೆ. ಬಾಗಿಲು, ಸ್ಟೀರಿಂಗ್, ಎಂಜಿನ್ ಮೂರಕ್ಕೂ ಅದೇ ಮಾತು. ಮಂಗಳೂರು, ಬೀದರ್, ಬಳ್ಳಾರಿ, ಕೊಡಗಿನ ಕಡೆಯವರು ತಮ್ಮಲ್ಲಿ ಕೇಳಿದ್ದನ್ನು ಬರೆಯಬೇಕೆಂದು ಕೋರುತ್ತೇನೆ. ಲಾರಿ, ಟ್ರ್ಯಾಕ್ಟರ್ ನಡೆಸುವವರ ಬಾಯಲ್ಲಿ ಇದಕ್ಕೆ ಬೇರೆ ಮಾತಿದ್ದರೆ ಅದನ್ನು ಮೊದಲು ಬರೆಯಿರಿ.

ಹಾಗೆಯೇ ಕೀಲಿ ಯಾವ ಊರಿನವರೆಗೆ ಬೀಗ, ಯಾವ ಊರಿನಿಂದ ಕೈ ಎಂಬುದೂ ತಿಳಿಯಬೇಕು. ದಾವಣಗೆರೆ, ಶಿವಮೊಗ್ಗ, ಚಿತ್ರದುರ್ಗದವರು ಮನೆಯಲ್ಲಿ ಅಜ್ಜಿ ಏನೆನ್ನುತ್ತಿದ್ದರು ಎಂದು ನೆನಪಿಸಿಕೊಂಡು ಹೇಳಿ. ಗಡಿಯಾರಕ್ಕೆ ಕೀಲಿ ಕೊಡುವುದು ಮಾತ್ರ ಎರಡೂ ಕಡೆ ಇದೆ. ಮಾವನವರಿಗೂ ಅದು ಗೊತ್ತು, ನನಗೂ ಗೊತ್ತು. ಅಲ್ಲಿನ ಕೀಲಿ ಬೀಗವೂ ಅಲ್ಲ, ಕೈಯೂ ಅಲ್ಲ.

ಚೀಟಿಯನ್ನು ಸದ್ಯಕ್ಕೆ ಹೀಗೆ ತಿದ್ದಿದ್ದೇನೆ:

‘ಇಗ್ನಿಷನ್ ತಿರುಗಿಸಿ. ಕೆಂಪು ದೀಪ ಇದ್ದರೆ ಎಂಜಿನ್ನಿಗೆ ಬೀಗ ಬಿದ್ದಿದೆ ಎಂದು ತಿಳಿಯಿರಿ. ಅಂಕಿಮಣೆಯಲ್ಲಿ ಗುಟ್ಟಿನ ಅಂಕಿಗಳನ್ನು ಒತ್ತಿ. ಹಸಿರು ದೀಪ ಬಂದರೆ ಬೀಗ ತೆರೆಯಿತು, ಎಂಜಿನ್ ಚಾಲೂ ಮಾಡಿ. ಚಾವಿಯನ್ನು ಹೊರಗೆ ತೆಗೆದುಕೊಂಡರೆ ಸ್ವಲ್ಪ ಹೊತ್ತಿನಲ್ಲಿ ಮತ್ತೆ ಬೀಗ ಬೀಳುತ್ತದೆ. ಅಂಕಿಗಳನ್ನು ಮತ್ತೆ ಒತ್ತಬೇಕು.’

ಕೀಲಿ ಎಂಬ ಪದ ಇದರಲ್ಲಿ ಎಲ್ಲೂ ಇಲ್ಲ. ‘ಚಾವಿ’ ನಮ್ಮ ಮನೆಯ ಮಾತಲ್ಲ, ಆದರೆ ಮೈಸೂರಿನಲ್ಲೂ ಅದನ್ನು ತಪ್ಪಾಗಿ ತಿಳಿಯುವವರು ಇರಲಾರರು ಎಂದುಕೊಂಡಿದ್ದೇನೆ. ‘ಬೀಗ ಬೀಳುತ್ತದೆ’ ಎಂಬುದಕ್ಕೆ ಮಾವನವರ ಆಕ್ಷೇಪವಿದೆ: ಬೀಗ ಬೀಳುವುದು ಎಂದರೆ ಕಾರ್ಖಾನೆಯೋ ಅಂಗಡಿಯೋ ಮುಚ್ಚಿಹೋಯಿತು ಎಂದು ತೋರುತ್ತದೆ, ‘ಬೀಗ ಹಾಕಿಕೊಳ್ಳುತ್ತದೆ’ ಎನ್ನಿ ಎನ್ನುತ್ತಾರೆ. ನಿಮಗೆ ಯಾವುದು ಸರಿ ಕಾಣುತ್ತದೆ? ಅವರು ಇನ್ನೂ ಐದು ವಾರ ಇಲ್ಲಿರುತ್ತಾರೆ. ನೀವು ಬರೆದದ್ದನ್ನು ಒಂದೊಂದಾಗಿ ಅವರಿಗೆ ಓದಲು ಕೊಟ್ಟು, ಅವರು ಅದರಂತೆ ಕಾರು ಚಾಲೂ ಮಾಡಿದರೋ ಇಲ್ಲವೋ ಎಂಬುದನ್ನು ಇಲ್ಲಿಯೇ ತಿಳಿಸುತ್ತೇನೆ.