ವಿಗ್ನೆಟ್ ಪ್ರಶ್ನೋತ್ತರ: ಮದುವೆ ವಿಡಿಯೊ ಎಡಿಟರ್ ಜೊತೆ

ಹಾಸನದ ಸದಸ್ಯರು: ಸರ್, ಧಾರೆ ಶಾಟ್‌ಗೆ ವಿಗ್ನೆಟ್, ಅಂದರೆ ಅಂಚು ಕಪ್ಪಾಗಿಸುವ ಎಫೆಕ್ಟ್, ಹಾಕಿದ್ದೆ. ನಡುವೆ ಹುಡುಗ-ಹುಡುಗಿ ಚೆನ್ನಾಗಿ ಕಾಣ್ತಾರೆ. ಆದರೆ ಬಲತುದಿಯಲ್ಲಿ ಗಿಂಡಿ ಹಿಡಿದು ಧಾರೆ ಎರೆಯುವ ಹುಡುಗಿಯ ತಾಯಿಯ ಮುಖವೇ ಕಪ್ಪಾಗಿದೆ. ಮನೆಯವರಿಗೆ ಬೇಜಾರಾಗಿದೆ. ಏನು ಮಾಡಲಿ?

ಎಡಿಟರ್: ಕೇಳಿದ್ದು ಒಳ್ಳೆಯದಾಯ್ತು. ಅಂಚು ಕಪ್ಪು ಮಾಡುವುದು ನೋಡುವವರ ಕಣ್ಣನ್ನು ಒಂದು ಕಡೆ ಕರೆದೊಯ್ಯಲು. ಧಾರೆಯಲ್ಲಿ ಕಣ್ಣು ಹೋಗಬೇಕಾದದ್ದು ಆ ಗಿಂಡಿಗೆ, ನೀರು ಬೀಳುವ ಕೈಗಳಿಗೆ. ಎರೆಯುವ ತಾಯಿಯೇ ಕತ್ತಲಲ್ಲಿ ನಿಂತರೆ ಹೇಗೆ? ರೆಡಿಮೇಡ್ ಎಫೆಕ್ಟ್ ತೆಗೆಯಿರಿ. ಡಾವಿಂಚಿ ರಿಸಾಲ್ವ್ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಹೊಸ ನೋಡ್ (ಬಣ್ಣ ತಿದ್ದುವ ಒಂದು ಹಂತ) ಮಾಡಿ, ಸರ್ಕಲ್ ಪವರ್ ವಿಂಡೋ (ತಿದ್ದುವ ಜಾಗ ಗುರುತಿಸುವ ವೃತ್ತ) ಇಡಿ. ತಾಯಿ, ಮಗಳು, ಅಳಿಯ ಮೂವರೂ ಒಳಗೆ ಬರುವಷ್ಟು ಮೊಟ್ಟೆಯಾಕಾರಕ್ಕೆ ಎಳೆಯಿರಿ. ವಿಂಡೋದ ಹೊರಗೆ ಮಾತ್ರ ಕಪ್ಪಾಗಲು ಇನ್ವರ್ಟ್ ಒತ್ತಿ, ಅಂಚು ಮೆತ್ತಗಾಗಲು ಸಾಫ್ಟ್‌ನೆಸ್ ಜಾಸ್ತಿ ಮಾಡಿ, ಗಾಮಾ (ನಡುಮಟ್ಟದ ಬೆಳಕು) ಸ್ವಲ್ಪವೇ ಇಳಿಸಿ. ನೋಡ್ ಆನ್-ಆಫ್ ಮಾಡಿದಾಗ ಮಾತ್ರ ವ್ಯತ್ಯಾಸ ಗೊತ್ತಾಗಬೇಕು. ಕ್ಯಾಮೆರಾ ಸರಿದಿದ್ದರೆ ವಿಂಡೋ ಅವರ ಜೊತೆಗೇ ಸರಿಯುವಂತೆ ಟ್ರ್ಯಾಕ್ ಮಾಡಿ. ಎಫ್ 1.8ರಲ್ಲಿ, ಅಂದರೆ ಲೆನ್ಸ್ ಕಿಂಡಿ ಅಗಲವಾಗಿ ತೆರೆದು, ತೆಗೆದಿದ್ದೀರಾ? ಹಾಗಿದ್ದರೆ ಲೆನ್ಸೇ ಮೂಲೆಗಳನ್ನು ಮಂಕು ಮಾಡಿರಬಹುದು. ಮೊದಲು ಅದನ್ನು ಸರಿಮಾಡಿ.

ದಾವಣಗೆರೆಯ ಸದಸ್ಯರು: ವಿಗ್ನೆಟ್ ಹಾಕಿದರೆ ಗೋಡೆ ಮೇಲೆ ಗೆರೆ ಗೆರೆ ಬರ್ತಿದೆ ಸರ್.

ಎಡಿಟರ್: ಅದು ಬ್ಯಾಂಡಿಂಗ್, ಬಣ್ಣ ನುಣುಪಾಗಿ ಬದಲಾಗದೆ ಮೆಟ್ಟಿಲಿನಂತೆ ಕಾಣುವುದು. 8 ಬಿಟ್ ವಿಡಿಯೊದಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು ಮಾತ್ರ, 10 ಬಿಟ್‌ನಲ್ಲಿ 1024. ಕಪ್ಪು ಕಡಿಮೆ ಮಾಡಿ, ಸ್ವಲ್ಪ ಗ್ರೇನ್ (ಸಣ್ಣ ಸಣ್ಣ ಚುಕ್ಕಿ) ಹಾಕಿ.

ಉಡುಪಿಯ ಸದಸ್ಯರು: ಮೊಬೈಲ್‌ಗೆ ಯಾವ ಆ್ಯಪ್ ಒಳ್ಳೆಯದು ಸರ್?

ತುಮಕೂರಿನ ಸದಸ್ಯರು: ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ, "ಮೂಲೆ ಕಪ್ಪಿರುವ ಪಿಎನ್‌ಜಿ ಚಿತ್ರವನ್ನು ಇಡೀ ವಿಡಿಯೊ ಮೇಲೆ ಇಡಿ, ಸಿನಿಮಾ ಲುಕ್ ಗ್ಯಾರಂಟಿ." ಲಿಂಕ್ ಹಾಕಲಾ?

ಎಡಿಟರ್: ದಯವಿಟ್ಟು ಬೇಡ. ಎರಡು ಗಂಟೆಯ ಮದುವೆಗೆ ಒಂದೇ ಕಪ್ಪು ಚೌಕಟ್ಟು ಕೂರಿಸಿದರೆ ಅಂಚಿಗೆ ಬಂದವರೆಲ್ಲ ಮಂಕಾಗುತ್ತಾರೆ. ಹಾಸನದವರ ಕಷ್ಟ ಮೇಲೇ ಇದೆ. ಫಾರ್ವರ್ಡ್ ಮಾಡಿದವರು ಮದುವೆ ಮನೆಯವರಿಗೆ ಉತ್ತರ ಕೊಡಲು ಬರಲ್ಲ.

ಮೈಸೂರಿನ ಸದಸ್ಯರು: ಅಂದಹಾಗೆ ಅದು ವಿಗ್ನೆಟ್ ಅಲ್ಲ, ವಿನ್ಯೆಟ್. ಫ್ರೆಂಚ್ ಪದ. ಹಳೇ ಪುಸ್ತಕಗಳಲ್ಲಿ ಬರೆಯುತ್ತಿದ್ದ ದ್ರಾಕ್ಷಿ ಬಳ್ಳಿಯ ಅಲಂಕಾರದಿಂದ ಬಂದದ್ದು.

ತುಮಕೂರಿನ ಸದಸ್ಯರು: ಸ್ಟುಡಿಯೊದಲ್ಲಿ ಎಲ್ಲರೂ ವಿಗ್ನೆಟ್ ಅಂತಲೇ ಅನ್ನೋದು.

ಮೈಸೂರಿನ ಸದಸ್ಯರು: ಎಲ್ಲರೂ ತಪ್ಪು ಹೇಳಿದರೆ ಸರಿಯಾಗುತ್ತಾ?

ತುಮಕೂರಿನ ಸದಸ್ಯರು: ಸರಿಯಾಗಿ ಹೇಳಿದರೆ ಫೂಟೇಜ್ ಸರಿಹೋಗುತ್ತಾ? ಕೆಲಸ ಮಾಡೋರನ್ನು ಸುಮ್ನೆ ಬಿಡಿ.

ಶಿವಮೊಗ್ಗದ ಸದಸ್ಯರು: ರೀಲ್ಸ್‌ಗೆ ಕ್ರಾಪ್ ಮಾಡಿದರೆ ಪಕ್ಕದ ಕಪ್ಪು ಕತ್ತರಿಸಿಹೋಗ್ತಿದೆ.

ಎಡಿಟರ್: ಮೊದಲು 9:16ಕ್ಕೆ (ರೀಲ್ಸ್‌ನ ನಿಂತ ಅಳತೆ) ಕ್ರಾಪ್, ಆಮೇಲೆ ವಿಗ್ನೆಟ್.

ಕೋಲಾರದ ಸದಸ್ಯರು: ಸರ್, ಹಿಂದಿನ ಪರದೆ ಮೇಲೆ ಗೆರೆ ಬರ್ತಿದೆ, ಯಾಕೆ?

ಎಡಿಟರ್: ಮೇಲೆ ಬರೆದಿದ್ದೇನೆ. ಓದಿ.

ತುಮಕೂರಿನ ಸದಸ್ಯರು: ಲಿಂಕ್ ಬೇಕಾದವರು ನನಗೆ ಬೇರೆಯಾಗಿ ಮೆಸೇಜ್ ಮಾಡಿ.

ಎಡಿಟರ್: ಬೇಡ ಅಂದೆನಲ್ಲ. ಇನ್ನೊಮ್ಮೆ ಹೇಳಿಸಬೇಡಿ.

ಹಾಸನದ ಸದಸ್ಯರು: ಸರ್, ಮೂವರೂ ಕಾಣ್ತಿದ್ದಾರೆ. ಆದರೆ ನಡುವೆ ಪುರೋಹಿತರ ಕೈ ಅಡ್ಡ ಬಂದಾಗ ಟ್ರ್ಯಾಕ್ ತಪ್ಪುತ್ತೆ.

ಎಡಿಟರ್: ಅಲ್ಲಿಗೆ ಟ್ರ್ಯಾಕ್ ನಿಲ್ಲಿಸಿ. ಕೀಫ್ರೇಮ್ (ವಿಂಡೋ ಆ ಕ್ಷಣಕ್ಕೆ ಎಲ್ಲಿರಬೇಕೆಂಬ ಗುರುತು) ಹಾಕಿ ವಿಂಡೋವನ್ನು ಕೈಯಿಂದಲೇ ಸರಿಸಿ. ಆಗಲೂ ತಾಯಿಯ ಮುಖ ಮಂಕಾದರೆ ಆ ಶಾಟ್‌ಗೆ ವಿಗ್ನೆಟ್ಟೇ ಬೇಡ.