ಸ್ಟ್ರೆಸ್‌ನಲ್ಲಿರೋ ಗಿಡಕ್ಕೆ ವೈರಸ್ ಬೇಗ ಹಿಡಿಯುತ್ತಾ?

ಎಲೆಮರೆ:
ಒಂದು ಡೌಟು ತಲೆ ತಿಂತಿದೆ. ಬಿಸಿ ಜಾಸ್ತಿಯಾಗಿ, ನೀರು ಸಾಲ್ದೆ ಸೊರಗಿದ ಗಿಡಕ್ಕೆ ವೈರಸ್ ಸುಲಭವಾಗಿ ಹಿಡಿಯುತ್ತೆ ಅಂತ ಎಲ್ರೂ ಹೇಳ್ತಾರೆ, ಆದ್ರೆ ಸ್ಟ್ರೆಸ್ ಆದಾಗ ಜೀವಕೋಶದೊಳಗೆ ಡಿಫೆನ್ಸೂ ಆನ್ ಆಗುತ್ತಲ್ವಾ, ಹಾಗಿದ್ರೆ ವೈರಸ್ಸಿಗೆ ಕಷ್ಟ ಆಗ್ಬೇಕಿತ್ತು. ಯಾವ್ದು ಸರಿ?

ಹಸಿರುಗಣ್ಣು:
ಎರಡೂ ಆಗುತ್ತೆ, ಯಾವ ಸ್ಟ್ರೆಸ್ಸು ಯಾವ ವೈರಸ್ಸು ಅನ್ನೋದ್ರ ಮೇಲೆ ಹೋಗುತ್ತೆ. ತಂಬಾಕು ಮೊಸಾಯಿಕ್ ವೈರಸ್ಸನ್ನೇ ತಗೊಳಿ. ಎನ್ ಜೀನ್ (ಈ ವೈರಸ್ಸನ್ನ ಗುರುತು ಹಿಡಿದು ತಡೆಯೋ ಜೀನ್) ಇರೋ ತಂಬಾಕು ಗಿಡಕ್ಕೆ ಅದು ತಗಲಿದ್ರೆ ಆ ಜಾಗದ ಜೀವಕೋಶಗಳು ತಾವಾಗೇ ಸಾಯ್ತವೆ, ಎಲೆ ಮೇಲೆ ಸಣ್ಣ ಚುಕ್ಕೆ ಬೀಳುತ್ತೆ, ವೈರಸ್ ಅಲ್ಲೇ ಲಾಕ್. ಆದ್ರೆ ಟೆಂಪರೇಚರ್ 28 ಡಿಗ್ರಿ ದಾಟ್ತು ಅಂದ್ರೆ ಈ ರೆಸಿಸ್ಟೆನ್ಸ್ ಕೈಕೊಡುತ್ತೆ, ಚುಕ್ಕೇನೂ ಬರಲ್ಲ, ವೈರಸ್ ಆರಾಮಾಗಿ ಗಿಡಪೂರ್ತಿ ಹರಡುತ್ತೆ. ಮಜಾ ಏನಂದ್ರೆ ಆಮೇಲೆ ಅದೇ ಗಿಡಾನ ತಂಪಿಗೆ ತಂದಿಟ್ರೆ ಎನ್ ಜೀನ್ ಮತ್ತೆ ಎಚ್ಚರ ಆಗಿ ವೈರಸ್ ಹರಡಿರೋ ಕಡೆಯೆಲ್ಲ ಒಟ್ಟಿಗೇ ಜೀವಕೋಶ ಸಾಯೋಕೆ ಶುರುವಾಗುತ್ತೆ, ಗಿಡಾನೇ ಹೋಗ್ಬಿಡಬಹುದು.

ಕಡ್ಡಿಮುರಿ:
ಹಾಗಂತ ಬಿಸಿ ಅಂದ್ರೆ ಯಾವಾಗ್ಲೂ ವೈರಸ್ಸಿಗೇ ಲಾಭ ಅಂದ್ಕೋಬೇಡಿ. ಗಿಡದ ದೊಡ್ಡ ಆಯುಧ ಆರ್‌ಎನ್‌ಎ ಸೈಲೆನ್ಸಿಂಗು, ಅಂದ್ರೆ ಡೈಸರ್ ಥರದ ಎನ್‌ಜೈಮ್‌ಗಳು ವೈರಸ್ಸಿನ ಡಬಲ್ ಸ್ಟ್ರ್ಯಾಂಡ್ ಆರ್‌ಎನ್‌ಎನ 21ರಿಂದ 24 ನ್ಯೂಕ್ಲಿಯೋಟೈಡಿನ (ಅದರ ಬಿಡಿ ಅಕ್ಷರ ಅನ್ಕೊಳಿ) ತುಂಡು ಮಾಡಿ ಹಾಕ್ತವೆ, ಆ ತುಂಡುಗಳನ್ನೇ ಗುರುತಾಗಿ ಇಟ್ಕೊಂಡು ಬೇರೆ ಪ್ರೋಟೀನುಗಳು ಉಳಿದ ವೈರಸ್ ಆರ್‌ಎನ್‌ಎನೂ ಹುಡುಕಿ ಕತ್ತರಿಸ್ತವೆ. ಇದು 15 ಡಿಗ್ರಿ ಆಸುಪಾಸಿನ ತಂಪಲ್ಲಿ ಡಲ್ಲು, ಬೆಚ್ಚಗಾದ್ರೆ ಚುರುಕು. ಎಷ್ಟೋ ವೈರಸ್ ರೋಗಗಳ ಲಕ್ಷಣ ಬೆಚ್ಚಗಿನ ಹವೆಯಲ್ಲಿ ಮರೆಯಾಗೋಕೆ ಇದೂ ಒಂದು ಕಾರಣ.

ಇನ್ನು ಬಿಸಿಗೆ ಪ್ರೋಟೀನ್ ಕೆಡದೆ ಇರ್ಲಿ ಅಂತ ಜೀವಕೋಶ ಜಾಸ್ತಿ ಮಾಡ್ಕೊಳೋ ಕಾವಲು ಪ್ರೋಟೀನ್ ಎಚ್‌ಎಸ್‌ಪಿ70 ಇದ್ಯಲ್ಲ, ಅದನ್ನೇ ಟೊಂಬಸ್‌ವೈರಸ್‌ಗಳು ತಮ್ಮ ರೆಪ್ಲಿಕೇಸ್ (ತಮ್ಮ ನಕಲು ತೆಗೆಯೋ ಯಂತ್ರ) ಜೋಡಿಸ್ಕೊಳ್ಳೋಕೆ ಬಳಸ್ಕೋತವೆ. ನಮ್ಮ ಮನೆ ಏಣಿ ಕಳ್ಳನಿಗೇ ಸಿಕ್ಕಿದ ಹಾಗೆ. ಅದಕ್ಕೇ ‘ಡಿಫೆನ್ಸ್ ಆನ್ ಆಯ್ತು’ ಅನ್ನೋ ಮಾತು ನಂಗೆ ಹಿಡ್ಸಲ್ಲ, ಏನು ಆನ್ ಆಯ್ತು ಅಂತ ಕೇಳ್ಬೇಕು.

ಎಲೆಮರೆ:
ಓಹ್. ಮತ್ತೆ ನೀರಿನ ಕೊರತೆ ಕಥೆ ಏನು?

ಹಸಿರುಗಣ್ಣು:
ಅದು ಇನ್ನೂ ಗೋಜಲು. ನೀರು ಕಮ್ಮಿ ಆದ್ರೆ ಅಬ್ಸಿಸಿಕ್ ಆಸಿಡ್ ಅನ್ನೋ ಹಾರ್ಮೋನು ಏರುತ್ತೆ, ಅದು ಕ್ಯಾಲೋಸ್ (ಜೀವಕೋಶಗಳ ನಡುವಿನ ದಾರಿ ಮುಚ್ಚೋ ಪದಾರ್ಥ) ಕರಗಿಸೋ ಎನ್‌ಜೈಮನ್ನ ತಡೆಯುತ್ತೆ, ಆಗ ಪ್ಲಾಸ್ಮೋಡೆಸ್ಮಾಟಾ, ಅಂದ್ರೆ ಆ ಸಣ್ಣ ದಾರಿಗಳು, ಬಿಗಿಯಾಗಿ ವೈರಸ್ ಪಕ್ಕದ ಜೀವಕೋಶಕ್ಕೆ ದಾಟೋದು ನಿಧಾನ ಆಗುತ್ತೆ. ಆದ್ರೆ ಇದೇ ಹಾರ್ಮೋನು ಸ್ಯಾಲಿಸಿಲಿಕ್ ಆಸಿಡ್ ಅನ್ನೋ ಇನ್ನೊಂದು ಹಾರ್ಮೋನಿನ ದಾರಿಯ ಡಿಫೆನ್ಸನ್ನ ಎಷ್ಟೋ ಸಲ ಅದುಮಿಡುತ್ತೆ, ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ಕಿತ್ಕೊಂಡ ಲೆಕ್ಕ.

ಕಡ್ಡಿಮುರಿ:
ಉಲ್ಟಾನೂ ಇದೆ, ವೈರಸ್ಸೇ ಗಿಡಕ್ಕೆ ನೀರಿನ ಕೊರತೆ ತಡ್ಕೊಳ್ಳೋಕೆ ನೆರವಾಗೋದು. ಕುಕುಂಬರ್ ಮೊಸಾಯಿಕ್ ವೈರಸ್ ತಗಲಿದ ಗಿಡಗಳು ನೀರು ನಿಲ್ಲಿಸಿದಾಗ ಆರೋಗ್ಯವಾಗಿದ್ದ ಗಿಡಗಳಿಗಿಂತ ತಡವಾಗಿ ಬಾಡಿದ್ದು ಪ್ರಯೋಗಗಳಲ್ಲಿ ಕಂಡಿದೆ.